ಉಂಗುರದ ಹರಳಿನೊಳಗೊಂದು ಚುಕ್ಕೆ



ನಮ್ಮ ಅಜ್ಜಿಯಂದಿರ ಕಾಲದಲ್ಲಿ ನಿಶ್ಚಿತಾರ್ಥಕ್ಕೆ ಚಿನ್ನದ ಉಂಗುರವೇ ಸಾಕಾಗುತ್ತಿತ್ತು. ಈಗ ವಜ್ರದ ಉಂಗುರವೂ ನಮ್ಮ ಮನೆಗಳಿಗೆ ಬಂದಿದೆ. ಜೊತೆಗೆ ಹೊಸದೊಂದು ಚಿಂತೆಯೂ ಬಂದಿದೆ. ನಿಶ್ಚಿತಾರ್ಥವಾಗಿ ಎರಡು ತಿಂಗಳಾಗಿರುತ್ತದೆ. ಒಂದು ದಿನ ಕಿಟಕಿಯ ಬೆಳಕಿನಲ್ಲಿ ಹುಡುಗಿಗೆ ಹರಳಿನೊಳಗೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಅಮ್ಮನಿಗೆ ತೋರಿಸುತ್ತಾಳೆ, ಅಮ್ಮ ಅತ್ತಿಗೆಗೆ ಹೇಳುತ್ತಾರೆ. ಸಂಜೆಯೊಳಗೆ ಈ ಮನೆಯಲ್ಲಿ "ಅಗ್ಗದ್ದು ಕೊಟ್ಟು ಕಳಿಸಿದರು" ಎಂಬ ಮಾತು. ಆ ಮನೆಯಲ್ಲಿ "ಜೋಪಾನ ಮಾಡಲು ಬರಲಿಲ್ಲ" ಎಂಬ ಮಾತು. ಹರಳನ್ನು ಸರಿಯಾಗಿ ನೋಡಿದವರು ಮಾತ್ರ ಎರಡೂ ಕಡೆ ಯಾರೂ ಇರುವುದಿಲ್ಲ.

ಆ ಚುಕ್ಕೆ ಮೂರರಲ್ಲಿ ಒಂದಾಗಿರಬಹುದು: ಕೊಳೆ, ಹುಟ್ಟುಗುರುತು, ಇಲ್ಲವೇ ಪೆಟ್ಟು.

ಮೊದಲು ಕೊಳೆಯ ವಿಚಾರ. ವಜ್ರಕ್ಕೆ ಎಣ್ಣೆಜಿಡ್ಡು ಬಲು ಬೇಗ ಅಂಟುತ್ತದೆ. ಅಡುಗೆಯ ಎಣ್ಣೆ, ಸಾಬೂನು, ಕ್ರೀಮು ಎಲ್ಲವೂ ಹರಳಿನ ಅಡಿಭಾಗದಲ್ಲಿ ಸೇರಿಕೊಳ್ಳುತ್ತವೆ. ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ, ಮೆತ್ತನೆಯ ಬ್ರಷ್ಷು, ಇಷ್ಟು ಸಾಕು. ಸ್ವಲ್ಪ ಹೊತ್ತು ನೆನೆಸಿ, ಹಿಂಬದಿಯಿಂದ ಮೆಲ್ಲಗೆ ಉಜ್ಜಿ. ಬ್ಲೀಚಿಂಗ್ ಪುಡಿ ಬೇಡ. ಕ್ಲೋರಿನ್ ಚಿನ್ನದ ಬೆಸುಗೆಗೆ ಹಾನಿ ಮಾಡುತ್ತದೆ. ಎಷ್ಟೋ "ಒಡೆದ" ವಜ್ರಗಳು ಈ ಬಟ್ಟಲಿನಲ್ಲೇ ಗುಣವಾಗುತ್ತವೆ!

ತೊಳೆದ ಮೇಲೂ ಚುಕ್ಕೆ ಇದ್ದಲ್ಲೇ ಇದ್ದರೆ ಅದು ಹುಟ್ಟುಗುರುತು ಆಗಿರಬಹುದು. ಹೆಚ್ಚಿನ ವಜ್ರಗಳು ಭೂಮಿಯೊಳಗೆ ಸುಮಾರು 150ರಿಂದ 200 ಕಿಲೋಮೀಟರ್ ಆಳದಲ್ಲಿ, ನೂರಾರು ಕೋಟಿ ವರ್ಷಗಳ ಹಿಂದೆ ರೂಪುಗೊಂಡವು. ಬೆಳೆಯುವಾಗ ಬೇರೆ ಖನಿಜದ ಕಣಗಳು ಒಳಗೆ ಸಿಕ್ಕಿಬೀಳುತ್ತವೆ. ಗರಿಯಂಥ ಸಣ್ಣ ಬಿರುಕುಗಳೂ ಇರುತ್ತವೆ. ಅಮೆರಿಕದ ಜಿಐಎ ಸಂಸ್ಥೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ ಈ ಸ್ವಚ್ಛತೆಯನ್ನು 11 ದರ್ಜೆಗಳಾಗಿ ವಿಂಗಡಿಸುತ್ತದೆ. ಪೂರ್ತಿ ನಿಷ್ಕಳಂಕವಾದುದು ಬಹಳ ಅಪರೂಪ. ವಿಜ್ಞಾನಿಗಳಿಗಂತೂ ಈ ಕಲೆಯೇ ನಿಧಿ. ಬ್ರೆಜಿಲ್‌ನ ಕಡಿಮೆ ಬೆಲೆಯ ವಜ್ರವೊಂದರಲ್ಲಿ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಕ್ಕಿದ್ದನ್ನು 2014ರಲ್ಲಿ ಪ್ರಕಟಿಸಲಾಯಿತು. 410 ಕಿಲೋಮೀಟರಿಗೂ ಕೆಳಗೆ, ಖನಿಜಗಳೊಳಗೆ ನೀರಿನ ಅಂಶ ಅಡಗಿದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಮೂರನೆಯದು ಪೆಟ್ಟು. "ವಜ್ರ ಒಡೆಯುವುದುಂಟೇ?" ಎಂದು ಕೇಳುವವರಿದ್ದಾರೆ. ವಜ್ರ ಗಟ್ಟಿ ಎಂದರೆ ಇನ್ನೊಂದು ವಜ್ರವಲ್ಲದೆ ಬೇರೆ ಸಾಮಾನ್ಯ ವಸ್ತು ಅದನ್ನು ಗೀರಲಾರದು ಎಂದರ್ಥ; ಒಡೆಯದು ಎಂದಲ್ಲ. ಕಟ್ಟಿಗೆಗೆ ಸೀಳಿನ ದಿಕ್ಕು ಇರುವಂತೆ ವಜ್ರಕ್ಕೂ ಇದೆ. ಒರಳಿಗೋ ಕಲ್ಲಿನ ಮೆಟ್ಟಿಲಿಗೋ ತಪ್ಪು ಕೋನದಲ್ಲಿ ಬಡಿದರೆ ಅಂಚಿನ ಚಕ್ಕೆ ಹಾರೀತು. ಹರಳಿನ ಸುತ್ತಂಚು, ಚೂಪಾದ ಮೂಲೆಗಳು, ಚಿನ್ನದ ಹಿಡಿಹಲ್ಲುಗಳ ಅಡಿ, ಪೆಟ್ಟು ಬೀಳುವುದು ಹೆಚ್ಚಾಗಿ ಇಲ್ಲಿಯೇ. ಮೇಲಂಚಿನಲ್ಲಿ ಉಗುರು ತಡೆದರೆ, ಹರಳು ಅಲುಗಿದರೆ, ಹಲ್ಲಿಗೆ ಬಟ್ಟೆಯ ನೂಲು ಸಿಕ್ಕಿಕೊಂಡರೆ ಉಂಗುರವನ್ನು ಕಳಚಿಡಿ. ತೊಡುತ್ತಿದ್ದರೆ ಹರಳೇ ಕಳೆದುಹೋದೀತು.

ಸಂಶಯ ಉಳಿದರೆ ಪ್ರಮಾಣಪತ್ರ ತೆಗೆಯಿರಿ. ಕೆಲವು ಪತ್ರಗಳಲ್ಲಿ ಹರಳಿನ ನಕ್ಷೆ ಇರುತ್ತದೆ. ಜಿಐಎ ನಕ್ಷೆಯಲ್ಲಿ ಒಳಗಿನ ಗುರುತುಗಳು ಕೆಂಪು ಬಣ್ಣದಲ್ಲಿ, ಹೊರಮೈಯವು ಹಸಿರಿನಲ್ಲಿ. ನೀವು ಕಂಡ ಚುಕ್ಕೆ ನಕ್ಷೆಯಲ್ಲಿ ಇದ್ದರೆ ಅದು ಅಂಗಡಿಯಿಂದ ಬಂದಾಗಲೇ ಇತ್ತು. ಯಾರ ತಪ್ಪೂ ಅಲ್ಲ. ಇಲ್ಲದಿದ್ದರೆ ಬಲ್ಲ ಅಕ್ಕಸಾಲಿಗರ ಬಳಿ ಎದುರಿಗೇ ಮಸೂರದಲ್ಲಿ ನೋಡಿಸಿ. ಬಿರುಕಿಗೆ ಗಾಜು ತುಂಬಿದ ವಜ್ರಗಳೂ ಮಾರುಕಟ್ಟೆಯಲ್ಲಿವೆ. ಬಿಸಿ ತಗುಲಿದರೆ ಅವು ಕೆಡುತ್ತವೆ. ಆದ್ದರಿಂದ ರಿಪೇರಿಗೆ ಮೊದಲೇ ವಿಚಾರಿಸಿ. ನೆನಪಿಡಿ: ಬಿಐಎಸ್ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ, ಹರಳಿಗಲ್ಲ. ಬಿಲ್ಲು, ಪತ್ರ ಎರಡನ್ನೂ ಹುಡುಗನ ಮನೆಯವರು ಉಂಗುರದ ಜೊತೆಗೇ ಒಪ್ಪಿಸಿದರೆ ಮುಂದೆ ಕೇಳುವ ಮುಜುಗರವೂ ಇರದು.

ಮೋಸವೇ ಆಗಿದ್ದರೆ ಅಂಗಡಿಯವರನ್ನು ದಾಖಲೆ ಸಮೇತ ಕೇಳಬೇಕು, ನಾಚಿಕೆಯಿಂದ ಸುಮ್ಮನಿರಬೇಕಾಗಿಲ್ಲ. ಆದರೆ ಚುಕ್ಕೆ ಕಂಡ ದಿನ ಮೊದಲು ಹೇಳಬೇಕಾದದ್ದು ಯಾರಿಗೆ? ಉಂಗುರ ತೊಡಿಸಿದವನಿಗೆ. "ಇದನ್ನು ನೋಡಿದಿರಾ, ಒಮ್ಮೆ ಇಬ್ಬರೂ ತೋರಿಸಿಕೊಂಡು ಬರೋಣವೇ?" ಎಂದರೆ ಸಾಕು. ಅತ್ತಿಗೆ, ಚಿಕ್ಕಮ್ಮ, ನೆರೆಮನೆ ಸುತ್ತಿ ಬಂದ ಮಾತು ಅವನ ಕಿವಿಗೆ ಬೀಳುವಾಗ ಚುಕ್ಕೆಯಾಗಿ ಉಳಿದಿರುವುದಿಲ್ಲ, ಆರೋಪವಾಗಿರುತ್ತದೆ.

ಮದುವೆಯ ದಿನ ದೇವಾಲಯದಲ್ಲಿ ಆಶೀರ್ವದಿಸುವ ಉಂಗುರಕ್ಕೆ ಹರಳು ಇರಲೇಬೇಕೆಂಬ ನಿಯಮವಿಲ್ಲ. ಅದು ಪ್ರೀತಿ, ನಿಷ್ಠೆಗಳ ಗುರುತು. ಕಂಡದ್ದನ್ನು ಮುಚ್ಚಿಡದೆ, ಹಿಗ್ಗಿಸದೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅಭ್ಯಾಸ ಮದುವೆಗೆ ಮೊದಲೇ ಬಂದರೆ ಎಷ್ಟು ಚೆನ್ನ! ಈ ವರ್ಷ ನಿಶ್ಚಿತಾರ್ಥವಾದ ಎಲ್ಲ ಜೋಡಿಗಳಿಗೂ ಶುಭವಾಗಲಿ.