ಬ್ಯಾಂಕಿಗೂ ಕೈ ಕಟ್ಟುತ್ತದೆ!

ನಾವು ಇಟ್ಟ ಹಣವನ್ನೆಲ್ಲ ಬ್ಯಾಂಕು ತಿಜೋರಿಯಲ್ಲೇ ಇಟ್ಟುಕೊಂಡಿರೋದಿಲ್ಲ. ಬಹುಪಾಲು ಸಾಲವಾಗಿ ಹೊರಗಿರುತ್ತದೆ, ವಾಪಸು ಬರೋದಕ್ಕೆ ವರ್ಷಗಳೇ ಬೇಕು. ಎಲ್ಲರೂ ಒಟ್ಟಿಗೆ ಹಣ ಕೇಳಿದರೆ? 2020ರಲ್ಲಿ ಯೆಸ್ ಬ್ಯಾಂಕಿನ ಕಥೆ ನೆನಪಿದೆಯಲ್ಲ. ವಸೂಲಾಗದ ಸಾಲ ಹೆಚ್ಚಿ, ಠೇವಣಿ ಕರಗುತ್ತಾ ಬಂದಿತ್ತು. ಮಾರ್ಚ್ 5ರಂದು 50 ಸಾವಿರ ರೂಪಾಯಿಯ ಮಿತಿ ಬಿತ್ತು. ಸ್ಟೇಟ್ ಬ್ಯಾಂಕ್ ಮುಂತಾದವು ಬಂಡವಾಳ ಹಾಕಿದ ಮೇಲೆ, 18ಕ್ಕೆ ತೆರವಾಯಿತು. ಅಷ್ಟು ದಿನ ಬಾಡಿಗೆ, ಸಾಲದ ಕಂತು ಕಾಯುತ್ತವೆಯೇ?

ಠೇವಣಿ ವಿಮೆ ಇದೆ ನಿಜ. ಅದು ಅಸಲು, ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ನಾಲ್ಕು ಶಾಖೆಗಳಲ್ಲಿ ಹಂಚಿಟ್ಟರೂ ಅಷ್ಟೇ! ಅದು ಕೈಸೇರೋಕೆ 90 ದಿನವಾದರೂ ಆಗಬಹುದು. ಹಾಗಾಗಿ ಅರ್ಧ ಪರ್ಸೆಂಟ್ ಬಡ್ಡಿಯಾಸೆಗೆ ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ. ಮೂರು ತಿಂಗಳ ಮನೆಖರ್ಚು ಬೇರೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿರಲಿ.