ಹೂಳೆತ್ತಿ ದಂಡೆಗೆ ಸುರಿದರೆ ಸಾಕೇ?

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತಂದದ್ದನ್ನು ಯಾರೂ ಮರೆತಿಲ್ಲ. ಆಮೇಲೆ ಒತ್ತುವರಿ ತೆರವು: ಜೆಸಿಬಿ, ಕ್ಯಾಮೆರಾ, ತಡೆಯಾಜ್ಞೆ. ತೆರವು ಬೇಕು, ನಿಜ. ಆದರೆ ರಾಜಕಾಲುವೆ ಅಗಲವಾದ ಮಾತ್ರಕ್ಕೆ ಮನೆ ಮುಂದಿನ ನೀರು ಇಳಿಯದು. ಡಾಂಬರಿನ ಮೇಲೆ ಡಾಂಬರು ಸುರಿದ ಬೀದಿಯಲ್ಲಿ ಹೊಸ್ತಿಲೇ ತಗ್ಗು. ಮೋರಿಯ ಕಿಂಡಿಯಲ್ಲಿ ಎಳನೀರು ಬುರುಡೆ, ಹಾಲಿನ ಕವರು, ಅಡ್ಡಲಾಗಿ ಒಂದು ಕೇಬಲ್ಲು.

ಮಳೆಯೇ ವಿಪರೀತ, ಯಾವ ಚರಂಡಿಯೂ ತಾಳದು ಎಂಬುದು ಮಾಮೂಲು ವಾದ. ಹಾಗಾದರೆ ಸಾಧಾರಣ ಮಳೆಗೂ ಬೀದಿ ಕೆರೆಯಾಗುವುದೇಕೆ? ಕಸ ಎಸೆಯುವವರು ನಾವೇ ಎಂಬ ಮಾತೂ ಸುಳ್ಳಲ್ಲ. ಆದರೆ ಎತ್ತಿದ ಹೂಳನ್ನು ದಂಡೆಯಲ್ಲೇ ಬಿಟ್ಟುಹೋಗುವ ಗುತ್ತಿಗೆದಾರನನ್ನು ಕೇಳುವವರಾರು? ಮುಂದಿನ ಮಳೆಗೆ ಅದು ಮರಳಿ ಮೋರಿಗೇ ಇಳಿಯುತ್ತದೆ. 2025ರಲ್ಲಿ ನಗರಕ್ಕೆ ಐದು ಪಾಲಿಕೆಗಳಾಗಿವೆ. ಹೂಳು ಸಾಗಿಸಿದ ಮೇಲಷ್ಟೇ ಬಿಲ್ ಪಾಸು ಮಾಡುವುದನ್ನು ಅವು ಮುಂಗಾರಿಗೆ ಮುನ್ನವೇ ಶುರು ಮಾಡಲಿ.