ಉಪ್ಪಿಟ್ಟು ಗೆದ್ದಿತು, ಉಪ್ಪಿಟ್ಟು ಮಾಡುವವರು?

ಫ್ಲಾಯ್ಡ್ ಕಾರ್ಡೋಜ್ ಅವರನ್ನು ನಾನು ಎದುರಿಗೆ ಕಂಡವನಲ್ಲ. ಆದರೂ ಮೂರು ಸಲ ಭೇಟಿಯಾಗಿದ್ದೀನಿ. ಒಂದು ಸಲ ಮೊಬೈಲ್‌ನಲ್ಲಿ, ಒಂದು ಸಲ ಪುಸ್ತಕದಲ್ಲಿ, ಕೊನೇ ಸಲ ಸಾವಿನ ಸುದ್ದಿಯಲ್ಲಿ. ಮುಂಬೈನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಹೆಸರು ಮಾಡಿದ ಈ ಬಾಣಸಿಗ ನಮ್ಮ ರಾಮನಗರ ಜಿಲ್ಲೆಯ ರಾಜಕಾರಣ ಅರ್ಥ ಮಾಡಿಸಿದರು ಅಂದ್ರೆ ನೀವು ನಗಬಹುದು. ಸ್ವಲ್ಪ ತಾಳಿ.

ಮೊದಲ ಭೇಟಿ ಹಾಸ್ಟೆಲ್‌ನಲ್ಲಿ. ಅವತ್ತು ಬೆಳಿಗ್ಗೆ ಉಪ್ಪಿಟ್ಟು, ಅಂದರೆ ನಮ್ಮ ಭಾಷೆಯಲ್ಲಿ 'ಕಾಂಕ್ರೀಟ್'. ತಟ್ಟೆ ಪಕ್ಕಕ್ಕೆ ಸರಿಸಿ ಕೂತಿದ್ದಾಗ ಗೆಳೆಯ ಫೋನ್ ತೋರಿಸಿದ. 2011ರಲ್ಲಿ ಅಮೆರಿಕದ 'ಟಾಪ್ ಶೆಫ್ ಮಾಸ್ಟರ್ಸ್' ಟಿವಿ ಸ್ಪರ್ಧೆ ಗೆದ್ದವರು ಕಾರ್ಡೋಜ್. ಫೈನಲ್‌ನಲ್ಲಿ ಅವರು ಬಡಿಸಿದ್ದು ಅಣಬೆ ಹಾಕಿದ ಉಪ್ಪಿಟ್ಟು! ಬಹುಮಾನ ಒಂದು ಲಕ್ಷ ಡಾಲರ್. ಅಷ್ಟನ್ನೂ ಕ್ಯಾನ್ಸರ್ ಸಂಶೋಧನೆಗೆ ಕೊಟ್ಟರು.

ಊರಿಗೆ ಹೋದಾಗ ಅವ್ವನಿಗೆ ಆ ವಿಡಿಯೋ ತೋರಿಸಿದೆ. ಅವ್ವ ಮಾಗಡಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ನೋಡಿ ನಕ್ಕಳು.

"ಉಪ್ಪಿಟ್ಟಿಗೆ ಲಕ್ಷ ಕೊಟ್ರೇನ್ಲಾ? ನಾನು ಪ್ರತಿ ಶನಿವಾರ ಇಡೀ ಇಸ್ಕೂಲಿಗೆ ಮಾಡ್ತೀನಲ್ಲ, ನಂಗ್ಯಾರ್ ಕೊಟ್ರು?"

ಆವತ್ತು ತಮಾಷೆ ಅನ್ಸಿತ್ತು. ಈಗ ಅನ್ಸಲ್ಲ.

ಎರಡನೇ ಭೇಟಿ ಬೆಂಗಳೂರಿನ ಹಳೇ ಪುಸ್ತಕದಂಗಡಿಯಲ್ಲಿ. 2006ರಲ್ಲಿ ಬಂದ ಅವರ 'ಒನ್ ಸ್ಪೈಸ್, ಟೂ ಸ್ಪೈಸ್' ಕೈಗೆ ಸಿಕ್ಕಿತು. ಕೊಳ್ಳುವಷ್ಟು ದುಡ್ಡಿರಲಿಲ್ಲ, ನಿಂತೇ ಓದಿದೆ. ಆಮೇಲೆ ಅವರ ಬಗ್ಗೆ ಹುಡುಕುತ್ತಾ ಹೋದೆ. 1998ರಲ್ಲಿ ನ್ಯೂಯಾರ್ಕ್‌ನಲ್ಲಿ 'ತಬ್ಲಾ' ಹೋಟೆಲ್ ಶುರುವಾದಾಗ ಅಲ್ಲಿನ ಅಡುಗೆಮನೆಯ ಮುಖ್ಯಸ್ಥರು ಇವರೇ. ಇಂಡಿಯಾ ಊಟ ಅಂದ್ರೆ ಅಗ್ಗದ ಬಫೆ ಅಂದುಕೊಂಡಿದ್ದ ನಗರದಲ್ಲಿ ಅದನ್ನು ದುಬಾರಿ ಮೇಜಿಗೆ ಏರಿಸಿದರು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಫೈನಲ್‌ನ ತಿಂಡಿಗೆ 'ಪೊಲೆಂಟಾ' ಅನ್ನೋ ಇಟಲಿಯ ಹೆಸರು ಅಂಟಿಸಿದರೂ, ಅದರ ಮುಂದೆ 'ಉಪ್ಮಾ' ಅನ್ನೋದನ್ನ ಉಳಿಸಿಕೊಂಡರು. ಬೆಲೆ ಏರಿದಾಗ ಹೆಸರು ಬಿಟ್ಟುಕೊಡಲಿಲ್ಲ.

ಮೂರನೇ ಭೇಟಿ 2020ರ ಮಾರ್ಚ್ 25. ದೇಶದ ಲಾಕ್‌ಡೌನ್‌ನ ಮೊದಲ ದಿನ. ಕೊರೊನಾದಿಂದ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಕಾರ್ಡೋಜ್ ತೀರಿಕೊಂಡ ಸುದ್ದಿ ಬಂತು. ಅವರಿಗೆ 59 ವರ್ಷ. ಪ್ರಪಂಚದ ದೊಡ್ಡ ಪತ್ರಿಕೆಗಳೆಲ್ಲ ಬರೆದವು, ಬರೆಯಲೇಬೇಕಿತ್ತು. ಇತ್ತ ನಮ್ಮೂರ ಶಾಲೆಯ ಒಲೆ ಆರಿತ್ತು. ಅವ್ವ ಅಡುಗೆಕೋಣೆಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಮನೇಲಿ ಕೂತಿದ್ದಳು. ಆ ವರ್ಷ ಅವಳ ಖಾತೆಗೆ ದುಡ್ಡು ಬಂದದ್ದು ತೀರಾ ತಡವಾಗಿ.

ಈಗ ನಮ್ಮ ಜಿಲ್ಲೆಗೆ ಬರೋಣ. 2025ರ ಮೇನಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಬೆಂಗಳೂರಿನ ಹೆಸರು ಬಂದರೆ ಬಂಡವಾಳ ಬರುತ್ತೆ, ಭೂಮಿಗೆ ಬೆಲೆ ಬರುತ್ತೆ ಅನ್ನೋದು ವಾದ. ರಾಗಿಗೂ ಹೀಗೇ ಆಯಿತು. ಬಡವರ ಮುದ್ದೆಯಾಗಿದ್ದದ್ದು 'ಸಿರಿಧಾನ್ಯ' ಆಯಿತು, 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು, ಬೆಂಗಳೂರಿನ ಕೆಫೆಗಳ ಮೆನುಗೆ ಹತ್ತಿತು. ಕನಕಪುರ, ಮಾಗಡಿಯ ಹೊಲದಲ್ಲಿ ಅದನ್ನು ಬೆಳೆಯೋ ರೈತ ಮಾತ್ರ ಇವತ್ತಿಗೂ ಬೆಂಬಲ ಬೆಲೆಗೆ ನೋಂದಣಿ ಕೇಂದ್ರದ ಮುಂದೆ ಸಾಲು ನಿಲ್ತಾನೆ. 2025-26ಕ್ಕೆ ಆ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ.

ಹೆಸರು ಬದಲಾದರೆ ಬೆಲೆ ಬದಲಾಗುತ್ತೆ, ನಿಜ. ಆ ಬೆಲೆ ಯಾರ ಜೇಬಿಗೆ ಹೋಗುತ್ತೆ ಅನ್ನೋದೇ ರಾಜಕಾರಣ.

ಹೆಸರಿನ ಆಟ ಉಲ್ಟಾ ಕೂಡ ನಡೆಯುತ್ತೆ. ಅವ್ವ ಪಡೆಯೋದು ಸಂಬಳ ಅಲ್ಲ, 'ಗೌರವಧನ'. ಸಂಬಳ ಅಂದರೆ ಕನಿಷ್ಠ ವೇತನದ ಪ್ರಶ್ನೆ ಏಳುತ್ತೆ, ಪಿಂಚಣಿಯ ಪ್ರಶ್ನೆ ಏಳುತ್ತೆ. ಗೌರವ ಅಂದುಬಿಟ್ಟರೆ ಯಾವ ಪ್ರಶ್ನೆಯೂ ಇಲ್ಲ. ಕೇಂದ್ರದ ಯೋಜನೆಯಲ್ಲಿ 2009ರಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ಅದರಲ್ಲಿ ಕೇಂದ್ರದ ಪಾಲು 600. ಹತ್ತು ವರ್ಷ ದಾಟಿದರೂ ಅದು ಕದಲಲಿಲ್ಲ. ಅದರ ಮೇಲಿನದ್ದು ರಾಜ್ಯ ಸೇರಿಸಿದ್ದು. ಬಿಸಿಯೂಟದ ಹೆಣ್ಣುಮಕ್ಕಳು ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಾಗ ಒಂದಿಷ್ಟು ಏರಿಕೆಯ ಭರವಸೆ ಸಿಗುತ್ತೆ, ಹೆಸರು ಮಾತ್ರ ಬದಲಾಗಲ್ಲ.

ಹಾಗಂತ ಇದು ಕಾರ್ಡೋಜ್ ಅವರ ತಪ್ಪಲ್ಲ. ಉಪ್ಪಿಟ್ಟು ಮಾಡೋದು ಕೌಶಲ ಅಂತ ಅವರು ಜಗತ್ತಿನೆದುರು ಸಾಬೀತು ಮಾಡಿದರು. ಕೌಶಲ ಅಂತ ಒಪ್ಪಿಕೊಂಡ ಮೇಲೆ ಅದಕ್ಕೆ ಕೂಲಿ ಕೊಡಬೇಕಲ್ವಾ? ನ್ಯೂಯಾರ್ಕ್‌ನ ಅಡುಗೆಮನೆಯಲ್ಲಿ ಕೌಶಲ ಅನ್ನಿಸಿಕೊಂಡದ್ದು ಮಾಗಡಿಯ ಶಾಲೆಯಲ್ಲಿ ಸೇವೆ ಹೇಗಾಗುತ್ತೆ? ಒಲೆ ಮುಂದೆ ನಿಂತವಳು ಹೆಂಗಸು, ಬಡವಿ ಅನ್ನೋದು ಬಿಟ್ಟರೆ ಬೇರೆ ಕಾರಣ ನನಗೆ ಕಾಣಲ್ಲ.

ಜಿಲ್ಲೆಯ ಹೆಸರು ಬದಲಿಸೋಕೆ ಸಂಪುಟದ ಒಪ್ಪಿಗೆ ಸಾಕಾಯಿತು. 'ಗೌರವಧನ'ವನ್ನು 'ಸಂಬಳ' ಅಂತ ಬದಲಿಸೋಕೆ ಎಷ್ಟು ಸಭೆ ಬೇಕು? ಚನ್ನಪಟ್ಟಣದಲ್ಲೋ ಕನಕಪುರದಲ್ಲೋ ವೋಟು ಕೇಳೋಕೆ ಬಂದವರನ್ನ ಈ ಸಲ ಇದನ್ನೇ ಕೇಳೋಣ.

ಅವ್ವ ಈಗಲೂ ಶನಿವಾರ ಬೆಳಕು ಹರಿಯೋ ಮುಂಚೆ ಎದ್ದು ಶಾಲೆಗೆ ಹೋಗ್ತಾಳೆ. ಅವಳ ಉಪ್ಪಿಟ್ಟನ್ನ ನಾನೀಗ ಕಾಂಕ್ರೀಟ್ ಅನ್ನಲ್ಲ.